ನಮ್ಮ ಮನೆಯ ಚಿತ್ರದ ಗಡಿಯಾರ

"ನಮ್ಮ ಮನೆಯ ಒಂದು ಹಳೆಯ ವಸ್ತು" ಎಂಬ ವಿಷಯದ ಮೇಲೆ ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ದೂರವಾಣಿಯಲ್ಲಿ ಕೇಳಿದಾಗ ನಾವು ಹಿಂದುಮುಂದು ನೋಡದೆ ಒಪ್ಪಿಕೊಂಡುಬಿಟ್ಟೆವು. ಫೋನು ಕೆಳಗಿಟ್ಟ ಮೇಲೆ ಯೋಚನೆ ಶುರುವಾಯಿತು. ಊರಿನಿಂದ ತಂದ ಹಿತ್ತಾಳೆಯ ಕಾಫಿ ಫಿಲ್ಟರ್ ಇದೆ. ಆದರೆ ಫಿಲ್ಟರಿನ ಮೇಲೆ ಈಗಾಗಲೇ ಇಬ್ಬರು ಬರೆದಾಗಿದೆ. ಒಂದು ಒರಳುಕಲ್ಲು ಇದೆ. ಅದನ್ನು ವಿಮಾನದಲ್ಲಿ ತಂದ ಕಥೆ ಸಂಘದಲ್ಲಿ ಎಲ್ಲರಿಗೂ ಬಾಯಿಪಾಠ. ಉಳಿದಂತೆ ಹಳೆಯದು ಎಂದರೆ ನಾವಿಬ್ಬರೇ. ಕೊನೆಗೆ ಹಜಾರದ ಗೋಡೆಯ ಮೇಲಿರುವ ಗಡಿಯಾರ ತಾನೇ ಗಂಟೆ ಹೊಡೆದು "ನಾನಿಲ್ಲವೇ?" ಎಂದು ನೆನಪಿಸಿತು.

ಮೊದಲೇ ಹೇಳಿಬಿಡುತ್ತೇವೆ, ಇಲ್ಲಿ "ನಾವು" ಎಂದರೆ ಗಂಡ ಹೆಂಡತಿ ಇಬ್ಬರೂ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದ್ದಾರೆ. ಯಾವ ವಾಕ್ಯ ಯಾರದು ಎಂದು ಈಗ ನಮಗೂ ತಿಳಿಯದು.

ಈ ಗಡಿಯಾರ ನಮ್ಮ ಊರಿನದಲ್ಲ, ನಮ್ಮ ಹಿರಿಯರದೂ ಅಲ್ಲ. ನೋಡುವುದಕ್ಕೆ ಅದು ಗಡಿಯಾರದಂತೆಯೂ ಇಲ್ಲ; ಚಿನ್ನದ ಬಣ್ಣದ ಮರದ ಚೌಕಟ್ಟು ಹಾಕಿದ ಒಂದು ಚಿತ್ರಪಟ. ಅಗಲ ಎರಡಡಿ, ಎತ್ತರ ಅದಕ್ಕಿಂತ ತುಸು ಹೆಚ್ಚು. ಗಾಜಿನ ಹಿಂದೆ ತಗಡಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಒಂದು ಊರು. ಎಡಕ್ಕೆ ಕಲ್ಲಿನ ಹೆಬ್ಬಾಗಿಲು, ನಡುವೆ ಎರಡು ಕಮಾನಿನ ಸೇತುವೆ, ಅದರಾಚೆ ಒಂದು ಚರ್ಚು, ಬಲಕ್ಕೆ ನೀರಿನ ಗಿರಣಿ, ಹಿಂದೆ ಬೆಟ್ಟಸಾಲು. ಚರ್ಚಿನ ಗೋಪುರದಲ್ಲಿ ಗಡಿಯಾರ ಇರಬೇಕಾದ ಜಾಗದಲ್ಲಿ ನಿಜವಾದ ಗಡಿಯಾರವೇ ಇದೆ. ನಮ್ಮ ಹಳೆಯ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ಬಿಳಿಯ ಮುಖ, ಕೂದಲೆಳೆಯಂಥ ಮುಳ್ಳುಗಳು. ಕನ್ನಡಕ ಮರೆತರೆ ಹೊತ್ತು ತಿಳಿಯದು.

ಗಂಟೆ ಹೊಡೆಯುವಾಗ ಆ ಊರಿಗೆ ಜೀವ ಬರುತ್ತದೆ. ಚರ್ಚಿನ ಬಾಗಿಲಲ್ಲಿ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಸಂನ್ಯಾಸಿ ಹಗ್ಗ ಹಿಡಿದು ನಿಂತಿದ್ದಾನೆ. ಒಂದೊಂದು ಹೊಡೆತಕ್ಕೂ ಅವನು ಸೊಂಟ ಬಗ್ಗಿಸಿ ಹಗ್ಗ ಎಳೆಯುತ್ತಾನೆ. ಗಿರಣಿಯ ಚಕ್ರ ತಿರುಗುತ್ತದೆ. ಅದರ ಮೇಲೆ ನೀರು ಧುಮುಕುತ್ತದೆ. ಆ ನೀರು ತಿರುಪಿದ ಗಾಜಿನ ಕಡ್ಡಿ ಅಷ್ಟೆ. ಅದು ನಿಂತಲ್ಲೇ ತಿರುಗಿದಾಗ ಬೆಳಕು ಕೆಳಕ್ಕೆ ಹರಿದು ನೀರಿನಂತೆ ಕಾಣುತ್ತದೆ. ಹಿಂದೆ ಎರಡು ಸ್ಪ್ರಿಂಗುಗಳಿವೆ: ಒಂದು ಹೊತ್ತು ನಡೆಸುವುದಕ್ಕೆ, ಇನ್ನೊಂದು ಗಂಟೆಗೂ ಈ ಆಟಕ್ಕೂ. ಗಂಟೆಯಾದೊಡನೆ ಒಂದು ಕೊಕ್ಕೆ ಜಾರಿ ಎರಡನೆಯ ಸ್ಪ್ರಿಂಗನ್ನು ಬಿಡುತ್ತದೆ. ಅದು ಒಂದೇ ಏಟಿಗೆ ಬಿಚ್ಚಿಕೊಳ್ಳದಂತೆ ಗಾಳಿಯನ್ನು ತಳ್ಳುತ್ತ ಸುತ್ತುವ ಪುಟ್ಟ ತಗಡಿನ ರೆಕ್ಕೆಯೊಂದು ವೇಗವನ್ನು ಹಿಡಿದಿಡುತ್ತದೆ. ಹನ್ನೆರಡು ಹೊಡೆಯುವಾಗ ಸಂನ್ಯಾಸಿಗೆ ಹೆಚ್ಚು ಕೆಲಸ, ಒಂದು ಗಂಟೆಗೆ ವಿಶ್ರಾಂತಿ.

ನಾವು ಈ ದೇಶಕ್ಕೆ ಬಂದದ್ದು 1979ರಲ್ಲಿ. ಆಗ ಇದು ಪಶ್ಚಿಮ ಜರ್ಮನಿ. ಸ್ಟುಟ್‌ಗಾರ್ಟ್ ಹೊರವಲಯದಲ್ಲಿ ಒಂದು ಮನೆಯ ಮಹಡಿಯ ಮೇಲೆ ಎರಡು ಕೋಣೆ ಸಿಕ್ಕಿತು. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು, ಎಪ್ಪತ್ತು ದಾಟಿದ್ದ ಹೆಂಗಸು. ಅವರ ಹೆಸರು ಬರೆಯುವುದಿಲ್ಲ. ಒಂದು ವರ್ಷದ ಮಗುವಾಗಿ ಬಂದ ನಮ್ಮ ಮಗ ಕರೆದಂತೆ "ಓಮಾ" ಎನ್ನುತ್ತೇವೆ. ಓಮಾ ಎಂದರೆ ಅಜ್ಜಿ. ಮೆಟ್ಟಿಲು ಗುಡಿಸುವ ಸರದಿ, ರಾತ್ರಿ ಹತ್ತರ ಮೇಲೆ ನೀರು ಬಿಡಬಾರದು, ಭಾನುವಾರ ಬಟ್ಟೆ ಒಣಹಾಕಬಾರದು ಇತ್ಯಾದಿ ನಿಯಮಗಳನ್ನು ಅವರು ಕಾಗದದಲ್ಲಿ ಬರೆದುಕೊಟ್ಟಿದ್ದರು. ಒಗ್ಗರಣೆಯ ಬಗ್ಗೆ ಮಾತ್ರ ನಿಯಮವಿರಲಿಲ್ಲ, ಏಕೆಂದರೆ ಒಗ್ಗರಣೆ ಎಂಬುದೊಂದಿದೆ ಎಂದೇ ಅವರಿಗೆ ತಿಳಿದಿರಲಿಲ್ಲ. ಮೊದಲನೆಯ ದಿನವೇ ಸಾಸಿವೆ ಸಿಡಿದ ಸದ್ದಿಗೂ ಇಂಗಿನ ವಾಸನೆಗೂ ಅವರು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು.

ಹಾಗೆ ಬಂದವರ ಕಣ್ಣು ಗೋಡೆಯ ಮೇಲೆ ಬಿತ್ತು. ಅಲ್ಲಿ ಮೈಸೂರಿನ ಜವಳಿ ಅಂಗಡಿಯೊಂದರ ಕ್ಯಾಲೆಂಡರಿನಿಂದ ಕತ್ತರಿಸಿದ ಅರಮನೆಯ ಚಿತ್ರ ತೂಗುಹಾಕಿದ್ದೆವು. ಓಮಾ ಅದರ ಮುಂದೆ ನಿಂತು, "ಇದು ನಿಮ್ಮ ಊರೇ? ಇದರಲ್ಲಿ ನಿಮ್ಮ ಮನೆ ಎಲ್ಲಿದೆ?" ಎಂದು ಕೇಳಿದರು. ನಮಗೆ ನಗು. ನಮ್ಮದು ಚಾಮರಾಜಪುರದ ಕಡೆ ಒಂದು ಹೆಂಚಿನ ಮನೆ. ಚಿತ್ರದ ಚೌಕಟ್ಟಿನಿಂದ ಹೊರಗೆ ಗೋಡೆಯ ಮೇಲೆ ಒಂದು ಗೇಣು ಆಚೆ ಬೆರಳಿಟ್ಟು, "ಇಲ್ಲಿ" ಎಂದು ತೋರಿಸಿದೆವು. ಅವರು ನಗಲಿಲ್ಲ. ಗೋಡೆಯ ಆ ಖಾಲಿ ಜಾಗವನ್ನೂ ಗಮನವಿಟ್ಟು ನೋಡಿದರು. ಅರಮನೆ ಎಷ್ಟು ಹಳೆಯದು ಎಂದರು. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ತುತ್ತಾಯಿತು, ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ ಈಗಿನದನ್ನು ಕಟ್ಟಿ 1912ರಲ್ಲಿ ಮುಗಿಸಿದರು ಎಂದು ಅರೆಬರೆ ಜರ್ಮನ್ನಿನಲ್ಲಿ ಹೇಳಿದೆವು. "ಸುಟ್ಟದ್ದನ್ನು ಮತ್ತೆ ಕಟ್ಟಿದರು" ಎಂದು ಅವರು ತಮಗೇ ಹೇಳಿಕೊಂಡು, "ಬನ್ನಿ, ನನ್ನ ಊರು ತೋರಿಸುತ್ತೇನೆ" ಎಂದು ಕೆಳಗೆ ಕರೆದೊಯ್ದರು.

ಆ ಗಡಿಯಾರವನ್ನು ನಾವು ಕಂಡದ್ದು ಆಗಲೇ. ಚರ್ಚಿನ ಪಕ್ಕದಲ್ಲಿ, ಹಸಿರು ಕಿಟಕಿ ಬಾಗಿಲುಗಳ ಒಂದು ಪುಟ್ಟ ಮನೆಯಿದೆ. ಅದರ ಮೇಲೆ ಬೆರಳಿಟ್ಟು, "ಇದು ನಮ್ಮ ಮನೆ" ಎಂದರು.

ಅವರ ಊರು ಪ್ಫೋರ್ಟ್ಸ್‌ಹೈಮ್. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ದೂರವೇನಲ್ಲ. ಚಿನ್ನದ ಒಡವೆಗೂ ಕೈಗಡಿಯಾರಕ್ಕೂ ಹೆಸರಾದ ಊರು. 1945ರ ಫೆಬ್ರವರಿ 23ರ ಸಂಜೆ ಬ್ರಿಟಿಷ್ ವಿಮಾನಗಳು ಸುಮಾರು ಇಪ್ಪತ್ತು ನಿಮಿಷ ಬಾಂಬು ಸುರಿದವು. 17,000ಕ್ಕೂ ಹೆಚ್ಚು ಜನ ಸತ್ತರು. ಊರಿನ ನಡುಭಾಗ ಉಳಿಯಲಿಲ್ಲ. ಅವಶೇಷಗಳನ್ನೆಲ್ಲ ಸಾಗಿಸಿ ರಾಶಿ ಹಾಕಿದ ವಾಲ್‌ಬೆರ್ಗ್ ಗುಡ್ಡ ಈಗಲೂ ಇದೆ. ಸತ್ತವರಲ್ಲಿ ಓಮಾ ಅವರ ತಾಯಿ, ತಂಗಿ ಇಬ್ಬರೂ ಇದ್ದರು. ಓಮಾ ಆಗ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಗಂಡ ಯುದ್ಧದಿಂದ ಮರಳಲಿಲ್ಲ. ಮನೆಯ ಸಾಮಾನೆಲ್ಲ ಬೂದಿಯಾಗಿ ಈ ಗಡಿಯಾರ ಮಾತ್ರ ಉಳಿಯಿತು, ಏಕೆಂದರೆ ಅದು ಕೆಟ್ಟಿತ್ತು. 1944ರಲ್ಲಿ ರಿಪೇರಿಗೆಂದು ಕಪ್ಪು ಕಾಡಿನ ಒಂದು ಹಳ್ಳಿಗೆ ಕಳುಹಿಸಿದ್ದರಂತೆ. ಎರಡು ವರ್ಷದ ಮೇಲೆ ರಿಪೇರಿಯವನು ತಾನೇ ಹುಡುಕಿಕೊಂಡು ಬಂದು ಕೊಟ್ಟುಹೋದನಂತೆ, ಹಣವನ್ನೂ ತೆಗೆದುಕೊಳ್ಳಲಿಲ್ಲವಂತೆ.

ಅಂದಿನಿಂದ ನಮ್ಮ ಮಗನಿಗೆ ಆ ಗಡಿಯಾರವೇ ಆಟ. ಗಂಟೆಗೆ ಐದು ನಿಮಿಷ ಇರುವಾಗ ಕೆಳಗೆ ಓಡುತ್ತಿದ್ದ. ಓಮಾ ಪ್ರತಿ ಭಾನುವಾರ ಸಂಜೆ ಕುರ್ಚಿಯ ಮೇಲೆ ನಿಂತು ಕೀಲಿ ಕೊಡುತ್ತಿದ್ದರು. ಹುಡುಗ ಕುರ್ಚಿ ಹಿಡಿದುಕೊಳ್ಳಬೇಕು, ಅದೂ ಒಂದು ನಿಯಮ.

1986ರ ಚಳಿಗಾಲದಲ್ಲಿ ಗಡಿಯಾರ ನಿಂತಿತು. ಓಮಾಗೆ ಆಗ ಮಂಡಿನೋವು, ದೂರ ಹೋಗಲಾರರು. ಹಳೆಯ ರಿಪೇರಿಯವನ ಮಗ ಅದೇ ಹಳ್ಳಿಯಲ್ಲಿದ್ದಾನೆ, ನಿಮ್ಮ ಕಾರಿನಲ್ಲಿ ಒಯ್ಯುತ್ತೀರಾ ಎಂದು ಕೇಳಿದರು. ವಸಂತ ಬಂದು ಹಿಮ ಕರಗಿದ ಮೇಲೆ ಒಂದು ಶನಿವಾರ ಗಡಿಯಾರವನ್ನು ಎರಡು ಕಂಬಳಿಯಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ಮಗನ ಪಕ್ಕಕ್ಕೆ ಕೂರಿಸಿ ಹೊರಟೆವು. ತಿಂಡಿಗೆ ಚಿತ್ರಾನ್ನ, ಮೊಸರನ್ನ.

ಅಂಗಡಿಯವರು ಎರಡು ಗಂಟೆ ಬಿಟ್ಟು ಬರಲು ಹೇಳಿದ್ದರಿಂದ ನಾವು ಹತ್ತಿರದ ಫುರ್ಟ್‌ವಾಂಗೆನ್ ಊರಿನ ಗಡಿಯಾರ ವಸ್ತುಸಂಗ್ರಹಾಲಯ ನೋಡಿದೆವು. ನೋಡದವರು ಖಂಡಿತ ನೋಡಬೇಕು. ಆ ಎತ್ತರದ ಊರುಗಳಲ್ಲಿ ಚಳಿಗಾಲ ದೀರ್ಘ; ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ರೈತರು ಮನೆಯೊಳಗೆ ಕುಳಿತು ಗಡಿಯಾರ ಮಾಡುತ್ತಿದ್ದರು. ಮೊದಮೊದಲು ಹಲ್ಲಿನ ಚಕ್ರಗಳೂ ಮರದವೇ. ಬರಬರುತ್ತ ಕೆಲಸ ಹಂಚಿಹೋಯಿತು: ಒಬ್ಬ ಚೌಕಟ್ಟು ಮಾಡುವವನು, ಒಬ್ಬ ಗಂಟೆ ಎರೆಯುವವನು, ಒಬ್ಬ ಮುಖಫಲಕಕ್ಕೆ ಬಣ್ಣ ಬರೆಯುವವನು. ಆದ ಮಾಲನ್ನು ಬೆನ್ನಿಗೆ ಮರದ ಚೌಕಟ್ಟಿನಲ್ಲಿ ಕಟ್ಟಿಕೊಂಡು ನಡೆದೇ ಹೋಗಿ ದೇಶದೇಶಗಳಲ್ಲಿ ಮಾರುವವರೂ ಇದ್ದರು. ಇಂಗ್ಲೆಂಡು, ರಷ್ಯದವರೆಗೂ ಹೋದವರಿದ್ದಾರೆ. ಪರದೇಶದಲ್ಲಿ ಹೊಟ್ಟೆ ಹೊರೆಯಲು ಬಂದ ನಮಗೆ ಅವರ ಬೊಂಬೆ ಕಂಡಾಗ ನೆಂಟರನ್ನು ಕಂಡಂತಾಯಿತು.

1850ರಲ್ಲಿ ಅಲ್ಲಿ ಗಡಿಯಾರ ಶಾಲೆ ತೆರೆದರು. ಅದರ ಮೊದಲ ಮುಖ್ಯಸ್ಥ ರೋಬರ್ಟ್ ಗೆರ್ವಿಗ್. ಮುಂದೆ ಕಪ್ಪು ಕಾಡಿನ ಬೆಟ್ಟಗಳಲ್ಲಿ ರೈಲುದಾರಿ ನಿರ್ಮಿಸಿದ ಎಂಜಿನಿಯರನೂ ಅವನೇ. ಗಡಿಯಾರಕ್ಕೆ ಹೊಸ ರೂಪ ಬೇಕೆಂದು ಅವನು ಸ್ಪರ್ಧೆ ಕರೆದಾಗ, ಬಾಡೆನ್ ರಾಜ್ಯದ ರೈಲು ನಿಲ್ದಾಣಗಳನ್ನು ಕಟ್ಟುತ್ತಿದ್ದ ಐಸೆನ್‌ಲೋರ್ ಎಂಬ ವಾಸ್ತುಶಿಲ್ಪಿ ರೈಲ್ವೆ ಕಾವಲುಗಾರನ ಗುಡಿಸಲಿನ ಮುಂಭಾಗವನ್ನೇ ಬರೆದುಕೊಟ್ಟ. ಇಂದು ಪ್ರವಾಸಿಗಳು ಕೊಂಡೊಯ್ಯುವ ಕುಕ್ಕೂ ಗಡಿಯಾರದ ಮನೆಯಾಕಾರ ಅಲ್ಲಿಂದ ಬಂದದ್ದು. ಚೌಕಟ್ಟು ಹಾಕಿದ ಚಿತ್ರದ ಗಡಿಯಾರಗಳೂ ಹತ್ತೊಂಬತ್ತನೆಯ ಶತಮಾನದವೇ. ವಿಯೆನ್ನಾದಲ್ಲಿ ಸಂಗೀತದ ಪೆಟ್ಟಿಗೆ ಸೇರಿಸಿ ಮಾಡುತ್ತಿದ್ದರು. ಚಿತ್ರ ಯಾವುದೇ ಇರಲಿ, ಒಂದು ಗೋಪುರ ಮಾತ್ರ ಇರಲೇಬೇಕು. ಇಲ್ಲದಿದ್ದರೆ ಮುಳ್ಳುಗಳಿಗೆ ಜಾಗವೆಲ್ಲಿ?

ಅಂಗಡಿಗೆ ಮರಳಿದಾಗ ರಿಪೇರಿಯವರು ಚೌಕಟ್ಟು ಬಿಚ್ಚಿ ತಗಡನ್ನು ಮೇಜಿನ ಮೇಲಿಟ್ಟಿದ್ದರು. ದೋಷ ದೊಡ್ಡದಲ್ಲ, ಎಣ್ಣೆ ಅಂಟಾಗಿ ಗಟ್ಟಿಯಾಗಿದೆ, ಬಿಚ್ಚಿ ತೊಳೆಯಬೇಕು ಎಂದರು. ಅಷ್ಟರಲ್ಲಿ ನಮ್ಮ ಎಂಟು ವರ್ಷದ ಮಗ, "ಅಪ್ಪಾ, ಅಲ್ಲಿ ನೋಡು, ಓಮಾ ಊರು!" ಎಂದು ಕೂಗಿದ. ಅಂಗಡಿಯ ಒಳಗೋಡೆಯಲ್ಲಿ ಇನ್ನೊಂದು ಚಿತ್ರದ ಗಡಿಯಾರ. ಅದೇ ಹೆಬ್ಬಾಗಿಲು, ಅದೇ ಸೇತುವೆ, ಅದೇ ಚರ್ಚು, ಅದೇ ಪುಟ್ಟ ಮನೆ.

ರಿಪೇರಿಯವರು ನಕ್ಕು, ಚಿತ್ರಗಾರರು ಯಾವ ಊರಿಗೂ ಹೋಗಿ ಬರೆದವರಲ್ಲ, ಅಚ್ಚಿನ ಚಿತ್ರವೊಂದನ್ನು ಮುಂದಿಟ್ಟುಕೊಂಡು ಬೇಕಾದಷ್ಟು ಪ್ರತಿ ತೆಗೆಯುತ್ತಿದ್ದರು, ಈ ಊರು ಎಲ್ಲಿಯೂ ಇಲ್ಲ ಎಂದರು. ಆಮೇಲೆ ಭೂತಗನ್ನಡಿ ಹಿಡಿದು ಒಂದು ವಿಷಯ ತೋರಿಸಿದರು. ಗೋಡೆಯ ಮೇಲಿನ ಚಿತ್ರದಲ್ಲಿ ಆ ಪುಟ್ಟ ಮನೆಯ ಕಿಟಕಿ ಬಾಗಿಲು ಕಂದುಬಣ್ಣ. ನಮ್ಮದರಲ್ಲಿ ಹಸಿರು. ಆ ಹಸಿರು ವಾರ್ನಿಷಿನ ಮೇಲೆ ಕುಳಿತಿದೆ. ಯಾರೋ ಬಹಳ ವರ್ಷದ ಮೇಲೆ ಬಳಿದದ್ದು. "ಇದನ್ನು ತೆಗೆದುಬಿಡಲೇ? ತೆಗೆದರೆ ಮೂಲ ಬಣ್ಣ ಬರುತ್ತದೆ, ಬೆಲೆಯೂ ಹೆಚ್ಚುತ್ತದೆ" ಎಂದರು. ನಾವಿಬ್ಬರೂ ಒಂದೇ ಸಲಕ್ಕೆ ಬೇಡ ಎಂದೆವು. ನಾವಿಬ್ಬರೂ ಒಂದೇ ಸಲಕ್ಕೆ ಒಂದೇ ಮಾತು ಹೇಳಿದ್ದು ಅಪರೂಪ.

ಗಡಿಯಾರ ಬಿಟ್ಟು ವಾಪಸು ಬರುವಾಗ ಕಾರಿನಲ್ಲಿ ಚರ್ಚೆ.

"ಏನೂಂದ್ರೆ, ಅಜ್ಜಿಗೆ ಇದನ್ನ ಹೇಳೋದು ಬೇಡ. ಅವರಿಗೆ ಇರೋದೇ ಅದೊಂದು."

"ನಾವಾಗಿ ಹೇಳೋದು ಬೇಡ ಸರಿ ಕಣೇ. ಕೇಳಿದ್ರೆ? ಸುಳ್ಳು ಹೇಳೋಕ್ಕಾಗುತ್ತಾ?"

"ಯಾರು ಕೇಳ್ತಾರೆ?"

ಹಿಂದಿನ ಸೀಟಿನಲ್ಲಿ ಮಗ ನಿದ್ದೆ ಮಾಡುತ್ತಿದ್ದಾನೆಂದು ನಾವು ತಿಳಿದಿದ್ದೆವು. ಕಾರು ನಿಂತೊಡನೆ ಅವನು ನೇರ ಕೆಳಮನೆಗೆ ಓಡಿದ. ನಾವು ಬಾಗಿಲು ಹಾಕಿ ಬರುವಷ್ಟರಲ್ಲಿ, ನಿಮ್ಮ ಊರು ಅಂಗಡಿಯಲ್ಲೂ ಇದೆ, ಆದರೆ ಅದು ಎಲ್ಲಿಯೂ ಇಲ್ಲವಂತೆ ಎಂಬ ವರದಿ ಮುಗಿದಿತ್ತು.

ಓಮಾ ಏನೂ ಹೇಳಲಿಲ್ಲ. "ದಣಿದಿದ್ದೀರಿ, ಮೇಲೆ ಹೋಗಿ" ಎಂದರು. ಆ ವಾರವೆಲ್ಲ ಕೆಳಗಿನಿಂದ ಸದ್ದಿಲ್ಲ. ನಾವು ಕೊಟ್ಟ ಉಪ್ಪಿಟ್ಟಿನ ಪಾತ್ರೆ ತೊಳೆದು ಮೆಟ್ಟಿಲ ಮೇಲೆ ಇಟ್ಟಿರುತ್ತಿತ್ತು, ಅಷ್ಟೆ. ಮಗನನ್ನು ಬೈದೆವು, ಆಮೇಲೆ ಬೈದದ್ದಕ್ಕೆ ಮರುಗಿದೆವು. ಅವನು ಸುಳ್ಳೇನೂ ಹೇಳಿರಲಿಲ್ಲ.

ಮೂರು ವಾರದ ಮೇಲೆ ಗಡಿಯಾರ ತಂದು ಗೋಡೆಗೆ ಹಾಕಿದೆವು. ಓಮಾ ಮೊದಲು ನೋಡಿದ್ದು ಮುಳ್ಳನ್ನಲ್ಲ. ಕನ್ನಡಕ ಏರಿಸಿ ಆ ಪುಟ್ಟ ಮನೆಯನ್ನು. ಹಸಿರು ಹಾಗೆಯೇ ಇದೆಯೆಂದು ಖಾತ್ರಿಯಾದ ಮೇಲೆ ಕುಳಿತು ಹೇಳಿದರು. ಅವರ ತಂದೆ ಪ್ಫೋರ್ಟ್ಸ್‌ಹೈಮಿನಲ್ಲಿ ಒಡವೆಗಳಿಗೆ ಮೀನಾಕಾರಿ ಬಣ್ಣ ತುಂಬುವ ಕೆಲಸದವರು. ಗಡಿಯಾರವನ್ನು ಯಾರೋ ಸಾಲಕ್ಕೆ ಬದಲಾಗಿ ಕೊಟ್ಟದ್ದಂತೆ. ಚಿಕ್ಕವರಿದ್ದಾಗ ಅಕ್ಕತಂಗಿಯರಿಬ್ಬರೂ ಇದು ಯಾವ ಊರು ಎಂದು ಪೀಡಿಸುತ್ತಿದ್ದರು. ಒಂದು ಭಾನುವಾರ ತಂದೆ ಗಾಜು ತೆಗೆದು, ತಮ್ಮ ಸಣ್ಣ ಕುಂಚದಿಂದ ಆ ಮನೆಯ ಕಿಟಕಿಗಳಿಗೆ ತಮ್ಮ ಮನೆಯ ಕಿಟಕಿಯ ಹಸಿರು ಬಳಿದು, "ಈಗ ನೋಡಿ, ನಮ್ಮದೇ" ಎಂದರಂತೆ. "ನನಗೆ ಗೊತ್ತಿತ್ತು. ಆದರೆ ಅದನ್ನು ನೋಡಿದವರಲ್ಲಿ ಉಳಿದಿರುವುದು ನಾನೊಬ್ಬಳೇ. ಅಂಗಡಿಯವನು ಅಳಿಸಿಬಿಟ್ಟಾನೇನೋ ಎಂದು ಮೂರು ವಾರ ನಿದ್ದೆ ಬರಲಿಲ್ಲ" ಎಂದರು. ಅಲ್ಲಿಗೆ ಫೋನು ಮಾಡಿ ಕೇಳಬಹುದಿತ್ತಲ್ಲ ಎಂದೆವು. ಅಳಿಸಿಯಾಗಿದ್ದರೆ ಕೇಳಿ ಏನು ಪ್ರಯೋಜನ ಎಂದರು.

ಗಡಿಯಾರ ಇಲ್ಲದ ಆ ದಿನಗಳಲ್ಲಿ ಅವರ ಮೌನಕ್ಕೆ ನಾವು ಬೇರೆಯೇ ಅರ್ಥ ಕಟ್ಟಿಕೊಂಡಿದ್ದೆವು. ಒಂದೇ ಮನೆಯ ಮೇಲೆ ಕೆಳಗೆ ಏಳು ವರ್ಷ ಇದ್ದೂ ಹೀಗೆ.

1992ರಲ್ಲಿ ಓಮಾ ವೃದ್ಧಾಶ್ರಮಕ್ಕೆ ಹೋದರು. ಅಲ್ಲಿಯ ಕೋಣೆ ಚಿಕ್ಕದು, ಪಕ್ಕದವರಿಗೆ ಗಂಟೆಯ ಸದ್ದು ಆಗದು. ಹೋಗುವ ಮುನ್ನ ಗಡಿಯಾರವನ್ನು ನಮಗೆ ಕೊಟ್ಟು, ಜೊತೆಗೆ ಹಿಂದಿನಂತೆಯೇ ನಿಯಮಗಳ ಕಾಗದವನ್ನೂ ಕೊಟ್ಟರು. ಭಾನುವಾರ ಸಂಜೆಯೇ ಕೀಲಿ. ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು. ಚಿತ್ರಕ್ಕೆ ಒದ್ದೆ ಬಟ್ಟೆ ಸೋಕಿಸಬಾರದು. ತಗಡು ತುಕ್ಕು ಹಿಡಿದರೆ ಬಣ್ಣ ಹಪ್ಪಳದಂತೆ ಏಳುತ್ತದೆ. ಬಿಸಿನೀರಿನ ಕಾಯಿಲಿನ ಮೇಲೆ ತೂಗಬಾರದು. ಕೊನೆಯ ನಿಯಮ: ಹಸಿರನ್ನು ಮುಟ್ಟಬಾರದು. ನಾವು ಪ್ರತಿ ತಿಂಗಳು ನೋಡಲು ಹೋದಾಗ ಅವರು ಮೊದಲು ಮಗನ ಯೋಗಕ್ಷೇಮ, ಆಮೇಲೆ ಸಂನ್ಯಾಸಿಯದು ಕೇಳುತ್ತಿದ್ದರು. 1996ರಲ್ಲಿ ತೀರಿಕೊಂಡರು.

ಆಮೇಲೆ ನಮ್ಮ ಕಡೆಯೂ ಕಾಲ ನಿಲ್ಲಲಿಲ್ಲ. 2007ರಲ್ಲಿ ಚಾಮರಾಜಪುರದ ನಮ್ಮ ಹೆಂಚಿನ ಮನೆಯನ್ನು ಅಣ್ಣತಮ್ಮಂದಿರು ಸೇರಿ ಮಾರಿದೆವು. ಈಗ ಅಲ್ಲಿ ನಾಲ್ಕು ಮಹಡಿಯ ಕಟ್ಟಡವಿದೆ. ಮಾರುವಾಗ ಕಾಗದಪತ್ರ ಎಲ್ಲ ಸರಿಯಾಗಿಯೇ ಆಯಿತು. ಆದರೆ ಆ ಮನೆಯ ಮುಂಬಾಗಿಲ ಒಂದು ಫೋಟೋ ನಮ್ಮ ಯಾರ ಬಳಿಯೂ ಇಲ್ಲ ಎಂಬುದು ಆಮೇಲೆ ಗೊತ್ತಾಯಿತು. ಬಾಗಿಲಿನ ಬಣ್ಣ ನೀಲಿಯೇ, ಹಸಿರೇ ಎಂದು ನಮ್ಮ ಅಣ್ಣಂದಿರ ನಡುವೆ ಇನ್ನೂ ಒಮ್ಮತವಿಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾಗಿ ನಮ್ಮ ಪೀಳಿಗೆಯ ಕೈಗೆಲ್ಲ ಗಡಿಯಾರ ಕಟ್ಟಿದ ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತು. ಮದುವೆಯಲ್ಲಿ ಮಾವನವರು ಕೊಟ್ಟ ಎಚ್.ಎಂ.ಟಿ. ಈಗಲೂ ನಡೆಯುತ್ತಿದೆ. ಅದಕ್ಕೂ ಭಾನುವಾರದ ಗಡಿಯಾರದ ಜೊತೆಯೇ ಕೀಲಿ ಕೊಟ್ಟು ಹೊತ್ತು ಸರಿಮಾಡುತ್ತೇವೆ.

ಕಳೆದ ವರ್ಷ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಬಂದು ನೋಡಿ ಒಳ್ಳೆಯ ಬೆಲೆ ಹೇಳಿದರು. ಕಿಟಕಿಯ ಹಸಿರು ತೆಗೆಸಿದರೆ ಇನ್ನೂ ಹೆಚ್ಚು ಎಂದರು. ನಮಗೆ ಎಪ್ಪತ್ತು ದಾಟಿದೆ. ಕುರ್ಚಿ ಹತ್ತಿ ಕೀಲಿ ಕೊಡುವಾಗ ಇನ್ನೊಬ್ಬರು ಕುರ್ಚಿ ಹಿಡಿಯಬೇಕು. ಹ್ಯಾಂಬರ್ಗಿನಲ್ಲಿರುವ ಮಗನ ಮನೆಯಲ್ಲಿ ಗಂಟೆಗಂಟೆಗೂ ಹೊಡೆಯುವ ಗಡಿಯಾರಕ್ಕೆ ಜಾಗವಿದೆಯೇ ಎಂಬ ಅನುಮಾನ ನಮಗಿತ್ತು. ಕೇಳಿಯೇಬಿಟ್ಟೆವು, ಊಹೆ ಮಾಡಿಕೊಂಡು ಕುಳಿತು ಒಮ್ಮೆ ಪಾಠ ಕಲಿತಾಗಿದೆ. "ಮಾರಿದರೆ ನಿಮ್ಮ ಮೇಲೆ ಕೋಪ ಮಾಡ್ಕೋತೀನಿ" ಎಂದ. ರಾತ್ರಿ ಹೊತ್ತು ಗಂಟೆಯ ಕೀಲಿ ಮಾತ್ರ ಕೊಡುವುದಿಲ್ಲವಂತೆ, ಅದಕ್ಕೆ ನಾವು ಒಪ್ಪಬೇಕಂತೆ. ಒಮ್ಮೆ ಕೊಟ್ಟ ಕೀಲಿ ಹಗಲು ರಾತ್ರಿ ಎನ್ನದೆ ಎಂಟು ದಿನ ನಡೆಯುತ್ತದೆ ಎಂಬುದು ಅವನಿಗೆ ಮರೆತಂತಿದೆ. ಆದರೂ ಒಪ್ಪಿದ್ದೇವೆ.

ಓಮಾ ಬರೆದ ನಿಯಮಗಳ ಕಾಗದವನ್ನು ಚೌಕಟ್ಟಿನ ಹಿಂದೆ ಅಂಟಿಸಿದ್ದೇವೆ. ಅದರ ಕೆಳಗೆ ಹಸಿರು ಬಣ್ಣದ ಕಥೆಯನ್ನು ಜರ್ಮನ್ನಿನಲ್ಲೂ ಕನ್ನಡದಲ್ಲೂ ಬರೆದಿಟ್ಟಿದ್ದೇವೆ. ಮುಂದೆ ಯಾರ ಗೋಡೆಗೆ ಹೋದರೂ ಅಳಿಸುವ ಮುಂಚೆ ಒಮ್ಮೆ ಓದಲಿ.

ಬರೆಯುತ್ತ ಕೂತು ಭಾನುವಾರದ ಸಂಜೆಯೇ ಆಗಿಬಿಟ್ಟಿದೆ, ಕೀಲಿ ಕೊಡಬೇಕು. ಈ ಕಡೆ ಬಂದ ಸಂಘದ ಬಂಧುಗಳು ದಯವಿಟ್ಟು ನಮ್ಮಲ್ಲಿಗೆ ಬನ್ನಿ. ಕಾಫಿ ಇದ್ದೇ ಇರುತ್ತದೆ. ಗಂಟೆಗೆ ಐದು ನಿಮಿಷ ಮುಂಚೆ ಬಂದರೆ ಸಂನ್ಯಾಸಿಯೂ ಕಾಣಸಿಗುತ್ತಾನೆ.